ಪುಷ್‌ಪುಲ್ ನಿಲ್ಲುವ ಊರುಗಳು

ಮಂಡ್ಯ ಸೀಮೆಯಲ್ಲಿ ರೈಲಿನ ಮಾತು ಬಂತೆಂದರೆ ಈಗ ಎಲ್ಲರ ಬಾಯಲ್ಲೂ ವಂದೇ ಭಾರತ್. 2022ರ ನವೆಂಬರಿನಲ್ಲಿ ಚೆನ್ನೈ–ಮೈಸೂರು ನಡುವೆ ಶುರುವಾದ ಆ ಗಾಡಿ ಮದ್ದೂರು ಸ್ಟೇಷನ್ನಿನಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಈ ಹಳಿ ಯಾರಿಗಾಗಿ ಇದೆ ಅನ್ನುವುದು ತಿಳಿಯಬೇಕಾದರೆ ಪುಷ್‌ಪುಲ್ಲನ್ನೇ ಹತ್ತಬೇಕು.

ಪುಷ್‌ಪುಲ್ ಅಂದರೆ ಎಲ್ಲ ಕಡೆ ನಿಲ್ಲುವ ಗಾಡಿ. ರೈಲ್ವೆಯವರ ಲೆಕ್ಕದಲ್ಲಿ ಅದು ಮೆಮು. ಎರಡೂ ತುದಿಯಲ್ಲಿ ಡ್ರೈವರ್ ಕೂರುವ ಜಾಗ ಇರುತ್ತದೆ, ಮೋಟಾರು ಡಬ್ಬಿಗಳಲ್ಲೇ ಇರುತ್ತದೆ. ಹಾಗಾಗಿ ಕೊನೆಯ ನಿಲ್ದಾಣದಲ್ಲಿ ಇಂಜಿನ್ ಬಿಚ್ಚಿ ಈ ಕಡೆಯಿಂದ ಆ ಕಡೆಗೆ ಸುತ್ತಿಸುವ ಕೆಲಸವಿಲ್ಲ. ಬಿಟ್ಟ ಕೂಡಲೇ ವೇಗ ಹಿಡಿಯುವುದರಿಂದ ನಾಲ್ಕೈದು ಮೈಲಿಗೊಮ್ಮೆ ನಿಂತರೂ ಹೊತ್ತು ಹಾಳಾಗುವುದಿಲ್ಲ. ಚನ್ನಪಟ್ಟಣ ದಾಟಿದ ಮೇಲೆ ಶೆಟ್ಟಿಹಳ್ಳಿ, ನಿಡಘಟ್ಟ, ಮದ್ದೂರು, ಹನಕೆರೆ, ಮಂಡ್ಯ, ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ. ಎಕ್ಸ್‌ಪ್ರೆಸ್ಸಿನ ಕಿಟಕಿಯಲ್ಲಿ ಇವುಗಳಲ್ಲಿ ಅರ್ಧದಷ್ಟು ಹೆಸರನ್ನು ಓದಿ ಮುಗಿಸುವುದೂ ಆಗುವುದಿಲ್ಲ. ಪುಷ್‌ಪುಲ್ಲಿನಲ್ಲಾದರೆ ಯಾರು ಇಳಿದರು, ಯಾರು ಹತ್ತಿದರು, ಯಾರ ಚೀಲದಲ್ಲಿ ಸೊಪ್ಪಿದೆ ಎಲ್ಲ ಕಾಣುತ್ತದೆ. ಪಾಸು ಮಾಡಿಸಿಕೊಂಡು ದಿನಾ ಓಡಾಡುವವರಿಗೆ ತಮ್ಮದೇ ಸೀಟು, ತಮ್ಮದೇ ಗುಂಪು. ಹೊಸಬರು ಕೂತರೆ ಏಳಿ ಅನ್ನುವುದಿಲ್ಲ, ಪಕ್ಕದಲ್ಲಿ ನಿಂತು ನೋಡುತ್ತಾರೆ. ಅಷ್ಟು ಸಾಕು, ನಾವೇ ಏಳುತ್ತೇವೆ.

ಮದ್ದೂರು ಬಿಟ್ಟರೆ ಕಿಟಕಿಯಾಚೆ ಕಬ್ಬು, ಗದ್ದೆ, ತೆಂಗು. ಇದೆಲ್ಲ ಮೊದಲಿನಿಂದ ಹೀಗೇ ಇತ್ತು ಅಂದುಕೊಳ್ಳುತ್ತೇವೆ. ಆದರೆ ಈ ಸೀಮೆಗೆ ಮೊದಲು ಬಂದದ್ದು ಹಳಿ, ನೀರು ಬಂದದ್ದು ಆಮೇಲೆ. 1876–78ರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನ ಹಸಿವಿನಿಂದ ಸಾಯುತ್ತಿದ್ದಾಗ, ಕೂಲಿ ಕೊಟ್ಟು ಕಾಪಾಡುವ ಕೆಲಸವಾಗಿ ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣು ಹೊರಿಸಿದರು. 1881ರಿಂದ ತುಂಡು ತುಂಡಾಗಿ ಗಾಡಿ ಓಡಿ, 1882ರಲ್ಲಿ ಮೈಸೂರು ಮುಟ್ಟಿತು. ಕನ್ನಂಬಾಡಿಯ ನಾಲೆ ನೀರು ಈ ಹೊಲಗಳಿಗೆ ಹರಿಯಲು ಇನ್ನೂ ಐವತ್ತು ವರ್ಷ ಕಾಯಬೇಕಾಯಿತು. ಮೈಷುಗರ್ ಕಾರ್ಖಾನೆ ಸ್ಥಾಪನೆಯಾದದ್ದು 1933ರಲ್ಲಿ, ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅಂದರೆ ಮೊದಲ ರೈಲಿನಲ್ಲಿ ಕೂತವರು ಕಂಡದ್ದು ರಾಗಿ ಹೊಲ, ಹುರುಳಿ ಹೊಲ. ಪಾಂಡವಪುರದ ಸ್ಟೇಷನ್ನಿಗೆ ಆಗ ಫ್ರೆಂಚ್ ರಾಕ್ಸ್ ಅಂತ ಹೆಸರು. ಹೈದರ್, ಟಿಪ್ಪು ಕಾಲದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಗುಡ್ಡ ಅದು.

ಒಂಟಿ ಹಳಿಯ ಕಾಲದಲ್ಲಿ ಎದುರು ಗಾಡಿ ಬಂದರೆ ಒಂದು ನಿಂತು ಇನ್ನೊಂದಕ್ಕೆ ದಾರಿ ಬಿಡಬೇಕಿತ್ತು. ಅದಕ್ಕೆ ಕ್ರಾಸಿಂಗ್ ಅನ್ನುತ್ತಿದ್ದರು. ಮುಂದಿನ ಸ್ಟೇಷನ್ನಿನವರೆಗೆ ದಾರಿ ತೆರವಾಗಿದೆ ಅನ್ನುವುದಕ್ಕೆ ಗುರುತಾಗಿ ಸ್ಟೇಷನ್ ಮಾಸ್ಟರು ಟೋಕನ್ ಕೊಡಬೇಕು. ಅದು ಕೈಗೆ ಬಾರದೆ ಡ್ರೈವರ್ ಗಾಡಿ ಕದಲಿಸುವ ಹಾಗಿಲ್ಲ. ಉಗಿ ಇಂಜಿನ್ನಿಗೆ ನೀರು ಬೇರೆ ತುಂಬಬೇಕು. ಹೀಗೆ ಕಾಯುವ ಹೊತ್ತಿನಲ್ಲೇ ಮದ್ದೂರು ವಡೆ ಹುಟ್ಟಿತು. ಸ್ಟೇಷನ್ನಿನ ಉಪಾಹಾರ ಮಂದಿರ ನಡೆಸುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರ ಸುಮಾರಿಗೆ ಅವಸರಕ್ಕೆ ಮಾಡಿದ ತಿಂಡಿ ಎಂದು ಊರಿನವರು ಹೇಳುತ್ತಾರೆ. ಮಾಡುವ ರೀತಿ ನೋಡಿದರೆ ನಂಬಬಹುದು. ಉದ್ದು ನೆನೆಸಬೇಕಿಲ್ಲ, ರುಬ್ಬಬೇಕಿಲ್ಲ. ಸಣ್ಣ ರವೆ, ಅಕ್ಕಿಹಿಟ್ಟು, ಮೈದಾ, ಉದ್ದುದ್ದ ಹೆಚ್ಚಿದ ಈರುಳ್ಳಿ, ಕರಿಬೇವು, ಮೆಣಸಿನಕಾಯಿ. ಈರುಳ್ಳಿಗೆ ಉಪ್ಪು ಹಾಕಿ ಚೆನ್ನಾಗಿ ಹಿಸುಕಿದರೆ ಅದರ ನೀರಿನಲ್ಲೇ ಹಿಟ್ಟು ಅರ್ಧ ಕಲೆಯುತ್ತದೆ. ಮೇಲಿಂದ ಕಾಯಿಸಿದ ಎಣ್ಣೆ ಸುರಿದು ಗಟ್ಟಿಯಾಗಿ ಕಲಸಿ, ಅಂಗೈಯಗಲ ತಟ್ಟಿ, ಸಣ್ಣ ಉರಿಯಲ್ಲಿ ಕರಿಯಬೇಕು. ಅಂಚು ಗರಿ, ನಡುವೆ ಮೆದು. ಎರಡು ದಿನ ಇಟ್ಟರೂ ಕೆಡುವುದಿಲ್ಲ. ದೂರ ಪ್ರಯಾಣದವರಿಗೆ ಇದಕ್ಕಿಂತ ಬೇಕೇ?

1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಆಮೇಲೆ ಜೋಡಿ ಹಳಿ, ಕರೆಂಟು. ಜೋಡಿ ಹಳಿಗೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡವಾಗಿತ್ತು. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಬುಡದಿಂದ ಎತ್ತಿ, ಜ್ಯಾಕುಗಳ ಮೇಲೆ ಕೂರಿಸಿ, ಒಂದು ಇಟ್ಟಿಗೆಯನ್ನೂ ಕಳಚದೆ ನೂರು ಮೀಟರಿಗೂ ಆಚೆ ಸರಿಸಿದರು. ದಾರಿ ಸಲೀಸಾಯಿತು, ಕ್ರಾಸಿಂಗ್ ಕಾಯುವುದು ತಪ್ಪಿತು. ಮದ್ದೂರಿನಲ್ಲಿ ಇಳಿದು ವಡೆ ಕಟ್ಟಿಸಿಕೊಂಡು ಹತ್ತುವಷ್ಟು ಪುರಸೊತ್ತು ಯಾವ ಗಾಡಿಗೂ ಉಳಿಯಲಿಲ್ಲ. ನೂರು ವರ್ಷದ ಆ ಉಪಾಹಾರ ಮಂದಿರವೂ ಬಾಗಿಲು ಹಾಕಿತು. ವಡೆ ಈಗ ಹೆದ್ದಾರಿಯ ಹೋಟೆಲುಗಳ ಪಾಲು. ಅಲ್ಲಿಗೂ ಕಷ್ಟ ಬಂದಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೊಸ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುತ್ತದೆ.

ನಾನು ಮಳವಳ್ಳಿಯವಳು. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ಊರುಗಳಲ್ಲಿ ಹಳಿ ಕಾಣದ್ದು ನಮ್ಮದೊಂದೇ. ಹನಕೆರೆಯಲ್ಲಿ ಹತ್ತಿದ ಅಜ್ಜಿಯೊಬ್ಬರು ಚೀಲ ಕಾಲಡಿಗೆ ತಳ್ಳಿ, ಎಲೆಯಡಿಕೆ ಬಿಚ್ಚುತ್ತಾ ವಿಚಾರಿಸಿಕೊಂಡರು.

“ಯಾವೂರವ್ವ?”

“ಮಳವಳ್ಳಿ ಕಣಜ್ಜಿ.”

“ನಿಮ್ಮೂರ್ಗೆ ರೈಲೇ ಇಲ್ವಲ್ಲವ್ವ. ಇದ್ರಲ್ಲಿ ಯಾಕ್ ಕೂತಿದ್ದೀಯ?”

ಸುಮ್ಮನೆ ನೋಡಲು ಬಂದೆ ಅಂದರೆ ನಗುತ್ತಾರೆಂದು, ಮಂಡ್ಯದಲ್ಲಿ ಕೆಲಸ ಇದೆ ಅಂದೆ.

ಆಕೆಯ ಪ್ರಶ್ನೆ ಹಳೆಯದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿಯಿತು. ಆ ವಿದ್ಯುತ್ ಕೇಂದ್ರ ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಅದರ ಸರಂಜಾಮನ್ನು ಆನೆ, ಕುದುರೆ ಕಟ್ಟಿದ ಗಾಡಿಗಳಲ್ಲಿ ಎಳೆಸಿ ತಂದರು. ಅಷ್ಟು ಭಾರ ಸಾಗಿಸಿದ ಮೇಲಾದರೂ ಯಾರಿಗಾದರೂ ಒಂದು ಕವಲು ಹಳಿ ಹಾಕೋಣ ಅನ್ನಿಸಬೇಕಿತ್ತು! 1996–97ರ ಬಜೆಟ್ಟಿನಲ್ಲಿ ಬೆಂಗಳೂರು–ಸತ್ಯಮಂಗಲ ಮಾರ್ಗಕ್ಕೆ ಒಪ್ಪಿಗೆ ಸಿಕ್ಕಿತು. ತಮಿಳುನಾಡಿನ ಕಡೆ ಕಾಡು ಅಡ್ಡ ಬಂತು. ನಮ್ಮ ಕಡೆಯ ಹೆಜ್ಜಾಲ–ಕನಕಪುರ–ಮಳವಳ್ಳಿ–ಕೊಳ್ಳೇಗಾಲ–ಚಾಮರಾಜನಗರ ಭಾಗ 142 ಕಿಲೋಮೀಟರು. ಪ್ರತಿ ಚುನಾವಣೆಯಲ್ಲೂ ಭಾಷಣದಲ್ಲಿ ಈ ರೈಲು ಬರುತ್ತದೆ, ಊರಿಗೆ ಮಾತ್ರ ಇನ್ನೂ ಬಂದಿಲ್ಲ.

ಸಣ್ಣ ಊರಿಗೆ ಹಳಿ ಹಾಕಿದರೆ ನಷ್ಟ ಅನ್ನುವ ವಾದವಿದೆ. ಪಕ್ಕದಲ್ಲೇ ನೋಡಿ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲೇ ಕವಲು ಹಾಕಿದರು. ಕಪಿಲಾ ಹೊಳೆಗೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದ ಕಲ್ಲಿನ ಸೇತುವೆಯ ಮೇಲೆಯೇ ರೈಲು ಓಡಿಸಿದರು. ಅದು ಮುಂದೆ ಚಾಮರಾಜನಗರದವರೆಗೆ ಬೆಳೆಯಿತು. ಇಂದಿಗೂ 60 ಕಿಲೋಮೀಟರಿನ ಆ ದಾರಿಯಲ್ಲಿ ಸಂತೆಯವರು, ಕಾಲೇಜಿನವರು, ನಂಜುಂಡನ ಭಕ್ತರು ಓಡಾಡುತ್ತಾರೆ. ದೂರದ ಡೆನ್ಮಾರ್ಕಿನಲ್ಲಿ, ಕೋಪನ್‌ಹೇಗನ್ ಪಕ್ಕ, ಯೇಗರ್ಸ್‌ಬೋರ್‌ನಿಂದ ನೇರುಮ್‌ವರೆಗೆ ಎಂಟು ಕಿಲೋಮೀಟರೂ ತುಂಬದ ಕವಲು ಹಳಿಯೊಂದಿದೆ. 1900ರಲ್ಲಿ ಶುರುವಾದದ್ದು, ಈಗಲೂ ನಡೆಯುತ್ತಿದೆ. ಮದ್ದೂರಿನಿಂದ ಮಂಡ್ಯಕ್ಕೆ ಅದರ ಎರಡರಷ್ಟಕ್ಕೂ ಹೆಚ್ಚು ದೂರ.

ನಮ್ಮ ಹಳಿ ಬರುವಾಗ ಬರಲಿ. ಅಲ್ಲಿಯವರೆಗೆ ನಮಗೆ ಕವಲು ಅಂದರೆ ಮದ್ದೂರಿನಿಂದ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿಗೆ ಬರುವ ಬಸ್ಸು. ಸ್ಟೇಷನ್ನು ಒಂದು ಕಡೆ, ಬಸ್ ಸ್ಟ್ಯಾಂಡು ಇನ್ನೊಂದು ಕಡೆ. ಸಂಜೆ ಪುಷ್‌ಪುಲ್ ಇಳಿದವರು ಚೀಲ ಹೊತ್ತು ಓಡುವಷ್ಟರಲ್ಲಿ ಬಸ್ಸು ಹೊರಟಿರುತ್ತದೆ. ಗಾಡಿ ಬರುವ ಹೊತ್ತು ನೋಡಿಕೊಂಡು ಒಂದೆರಡು ಬಸ್ಸು ಸ್ಟೇಷನ್ ಬಾಗಿಲಿಗೇ ಬಂದು ನಿಂತರೆ ಆಯಿತು. ಇದಕ್ಕೆ ಸರ್ವೆ ಬೇಡ, ಅರಣ್ಯ ಇಲಾಖೆಯ ಒಪ್ಪಿಗೆಯೂ ಬೇಡ. ವೇಳಾಪಟ್ಟಿ ಬರೆಯುವವರು ಒಂದು ಸಂಜೆ ಪುಷ್‌ಪುಲ್ಲಿನಲ್ಲಿ ಬಂದು ಮದ್ದೂರಿನಲ್ಲಿ ಇಳಿಯಲಿ.