ಗಾಳದ ತುದಿಯ ಅರ್ಥಶಾಸ್ತ್ರ

ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಡದಲ್ಲಿರುವ ಗಳಗೇಶ್ವರ ದೇವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಅದೇ ವಂಶದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೇ ಮೀಸಲಾದ ಅಧ್ಯಾಯವೊಂದಿದೆ. ಮೀನಿನ ಜಾತಿಗಳು, ಅವುಗಳ ಆಹಾರ, ಗಾಳ, ದಾರ, ಕೋಲು ಎಲ್ಲದರ ವಿವರಣೆಯೂ ಅಲ್ಲುಂಟು. ಮತ್ಸ್ಯವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿದ್ವತ್ ಲೋಕದ ಗಮನಕ್ಕೆ ತಂದರು. ಗಾಳ ಹಾಕುವ ಹವ್ಯಾಸವನ್ನು ನಮಗೆ ಕಲಿಸಿದವರು ಬ್ರಿಟಿಷರೆಂಬ ಮಾತು ಇದರ ಮುಂದೆ ನಿಲ್ಲದು.

ಬ್ರಿಟಿಷರು ತಂದದ್ದು ಕೃತಕ ನೊಣವನ್ನು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ದಲ್ಲಿ ಈ ವಿದ್ಯೆಯನ್ನು ವಿವರಿಸಿದ್ದಾನೆ. ಬರಿಯ ಗಾಳಕ್ಕೆ ಗರಿ, ರೋಮ, ದಾರ ಸುತ್ತಿ ಕೀಟದ ರೂಪ ಕೊಡುವುದೇ ಇದರ ಸಾರ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣದಿಂದ. ಈ ನೊಣದ ಮಾತೂ ಹಾಗೆಯೇ.

ನಿವೃತ್ತಿಯ ಬಳಿಕ ಇದನ್ನು ಕಟ್ಟಲು ಕಲಿತ ನನಗೆ ಪ್ರಿಯವಾದ ಉಪಕರಣಗಳು ನಾಲ್ಕೇ. ಗಾಳವನ್ನು ಅಲುಗದಂತೆ ಹಿಡಿಯುವ ಪುಟ್ಟ ವೈಸ್. ದಾರವನ್ನು ಬಿಗಿ ತಪ್ಪದಂತೆ ಬಿಡುವ ಬಾಬಿನ್. ಗರಿಯ ತುದಿ ಹಿಡಿದು ಸುತ್ತಲು ಅಕ್ಕಸಾಲಿಗರ ಚಿಮಟ. ಒಂದು ಚೂಪಾದ ಕತ್ತರಿ. ದಾರ ರಾಣೇಬೆನ್ನೂರಿನ ಹೊಲಿಗೆ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುತ್ತದೆ. ಗರಿಯನ್ನು ನಾಟಿ ಹುಂಜವೇ ಕೊಡುತ್ತದೆ. ಹಣ ಬೇಡುವುದು ಕೋಲು ಮತ್ತು ದಪ್ಪ ದಾರ. ಸಾಮಾನ್ಯ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದೊಯ್ಯುತ್ತದೆ; ಇಲ್ಲಿ ಭಾರವಿಲ್ಲದ ನೊಣವನ್ನು ದಾರದ ತೂಕವೇ ಒಯ್ಯಬೇಕು. ಆದುದರಿಂದ ಜೋಳದ ದಂಟಿನ ಬೆಂಡು, ಬಿದಿರಿನ ಕೋಲು, ಎರೆಹುಳು ಹಿಡಿದು ತುಂಗಭದ್ರೆಯ ದಡದಲ್ಲಿ ಕೂರುವ ಹುಡುಗನ ಪಕ್ಕದಲ್ಲಿ ನನ್ನ ಸಲಕರಣೆ ಆಡಂಬರವೆನಿಸೀತು.

ಆದರೆ ಇಬ್ಬರ ಸಾಧನಗಳಿಗೂ ಸಾಮಾನ್ಯವಾದ ಗುಣವೊಂದಿದೆ: ಎರಡೂ ಒಂದು ಸಲಕ್ಕೆ ಒಂದೇ ಮೀನನ್ನು ಹಿಡಿಯುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಮುಖ್ಯ. ನದಿಯ ಮೀನು ಎಲ್ಲರ ಸೊತ್ತು; ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಬಾಚಿಕೊಳ್ಳುತ್ತಾನೆಂಬ ಭಯವೇ ಅದನ್ನು ಬರಿದುಮಾಡುತ್ತದೆ. ಸಿಡಿಮದ್ದು, ವಿಷ, ಸಣ್ಣ ಕಣ್ಣಿನ ಬಲೆ ಈ ಭಯದ ಉಪಕರಣಗಳು. ಅವು ಮರಿಯನ್ನೂ ತಾಯಿಯನ್ನೂ ಒಟ್ಟಿಗೆ ಮುಗಿಸುತ್ತವೆ. ಈ ವಿನಾಶವನ್ನು ಥಾಮಸ್ ಅಂದೇ ವಿರೋಧಿಸಿದ್ದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಹಾಗೂ ವಿಷ ಬಳಸಿ ಮೀನು ಕೊಲ್ಲುವುದಕ್ಕೆ ಎರಡು ತಿಂಗಳವರೆಗೆ ಸೆರೆವಾಸ ಇಲ್ಲವೆ 200 ರೂಪಾಯಿವರೆಗೆ ದಂಡ ವಿಧಿಸಿತು. 1897ರಲ್ಲಿ 200 ರೂಪಾಯಿ ದೊಡ್ಡ ಮೊತ್ತವೇ ಆಗಿತ್ತು. ಬೆಲೆಗಳು ಏರಿದಂತೆ ಏರದ ದಂಡ ಕಾಲಕ್ರಮದಲ್ಲಿ ಶುಲ್ಕವಾಗಿಬಿಡುತ್ತದೆ.

ಗಾಳವೂ ನಿರಪಾಯಕರವಲ್ಲ, ಹಿಡಿದು ಬಿಟ್ಟ ಮೀನೂ ಗಾಯಗೊಂಡು ಸಾಯಬಹುದು. ಆದುದರಿಂದ ಇಕ್ಕಳದಿಂದ ಗಾಳದ ಹಿಮ್ಮುಖ ಮುಳ್ಳನ್ನು ಅದುಮಿ ಚಪ್ಪಟೆ ಮಾಡುವುದು, ಕೈ ಒದ್ದೆ ಮಾಡಿಕೊಂಡು ಮೀನನ್ನು ಮುಟ್ಟುವುದು, ಆದಷ್ಟೂ ನೀರಿನಲ್ಲೇ ಬಿಡಿಸುವುದು ಕಡ್ಡಾಯವಾಗಬೇಕು. ಬಲೆಯನ್ನೇ ನಂಬಿ ಬದುಕುವ ಕುಟುಂಬಗಳಿಗೆ ಹವ್ಯಾಸಿಯ ನೀತಿಯನ್ನು ಬೋಧಿಸುವುದೂ ಅನ್ಯಾಯ. ಅವರಿಂದ ಕೇಳಬೇಕಾದುದು ಇಷ್ಟೇ: ಮರಿಗಳು ನುಸುಳಿಹೋಗುವಷ್ಟು ದೊಡ್ಡ ಕಣ್ಣಿನ ಬಲೆ, ಮುಂಗಾರಿನಲ್ಲಿ ಮೀನು ಮೊಟ್ಟೆಯಿಡುವಾಗ ಕೆಲವು ವಾರಗಳ ಬಿಡುವು. ಆ ವಾರಗಳ ಗಳಿಕೆಯ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ನದಿಯಲ್ಲಿ ಉಳಿಯುವ ತಾಯಿಮೀನು ಮುಂದಿನ ವರ್ಷದ ಬಂಡವಾಳ. ಅದಕ್ಕೆ ಹೋಲಿಸಿದರೆ ಈ ವೆಚ್ಚ ಅಲ್ಪ.