ಗ್ಯಾಸ್ ಪೈಪ್‌ಲೈನ್‌ಗೆ ನೀರು ತುಂಬಿ ದಿನಗಟ್ಟಲೆ ಕಾಯುವುದೇಕೆ? ಗಾಳಿ ಹಾಕಿ ಬೇಗ ಮುಗಿಸಬಾರದೇ?

ಹೊಲದ ಪಕ್ಕದಲ್ಲಿ ಹೊಸ ಗ್ಯಾಸ್ ಪೈಪ್‌ಲೈನ್ ಹೂಳುತ್ತಾರೆ. ಗ್ಯಾಸ್ ಬಿಡುವ ಮೊದಲು ಅದರೊಳಗೆ ನೀರು ತುಂಬಿ, ದಿನಗಟ್ಟಲೆ ಹಾಗೇ ಬಿಡುತ್ತಾರೆ. ನೋಡಿದವರಿಗೆ ಅನುಮಾನ ಬರುವುದು ಸಹಜ: ಗ್ಯಾಸ್ ಪೈಪ್‌ಗೆ ನೀರು ಯಾಕೆ? ಸೈಕಲ್ ಟ್ಯೂಬಿಗೆ ಹಾಕುವಂತೆ ಗಾಳಿ ಹಾಕಿ, ಒಂದು ಗಂಟೆಯಲ್ಲಿ ಮುಗಿಸಬಾರದೇ? ಬನ್ನಿ, ಇದರ ಹಿಂದಿನ ಕಾರಣ ತಿಳಿಯೋಣ.

ನೀರೇ ಯಾಕೆ?

ನೀರನ್ನು ಎಷ್ಟು ಒತ್ತಿದರೂ ಅದು ಹೆಚ್ಚು ಕುಗ್ಗುವುದಿಲ್ಲ. 100 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 100 ಪಟ್ಟು ಒತ್ತಡದಲ್ಲಿ, ನೀರು ಕುಗ್ಗುವುದು ಸುಮಾರು ಶೇ. 0.5 ಮಾತ್ರ. ಅದೇ ಒತ್ತಡದಲ್ಲಿ ಗಾಳಿ ನೂರನೇ ಒಂದು ಭಾಗದಷ್ಟಾಗುತ್ತದೆ. ಒತ್ತಿ ಹಿಡಿದ ಸ್ಪ್ರಿಂಗ್‌ನಂತೆ ಅದರೊಳಗೆ ನೂರಾರು ಪಟ್ಟು ಹೆಚ್ಚು ಶಕ್ತಿ ಅಡಗಿರುತ್ತದೆ.

ಟೆಸ್ಟ್ ವೇಳೆ ವೆಲ್ಡಿಂಗ್ ಬಿಟ್ಟುಕೊಂಡರೆ ನೀರು ಚಿಮ್ಮಿ, ಒತ್ತಡ ಬೇಗನೆ ಇಳಿದುಬಿಡುತ್ತದೆ. ಗಾಳಿಯಿದ್ದರೆ ಬಾಂಬ್ ಸಿಡಿದಂತಾಗುತ್ತದೆ. ಹಾಗಾಗಿಯೇ ಗಾಳಿಯ ಟೆಸ್ಟ್ ಸಾಮಾನ್ಯವಾಗಿ ಮನೆಗೆ ಬರುವ ಗ್ಯಾಸ್ ಲೈನ್‌ನಂಥ ಕಡಿಮೆ ಒತ್ತಡದ ಸಣ್ಣ ಪೈಪ್‌ಗಳಿಗೆ ಸೀಮಿತ.

ಇಷ್ಟು ಹೊತ್ತು ಯಾಕೆ?

ಇಲ್ಲಿ ಅಡ್ಡಿಯಾಗುವುದು ಉಷ್ಣಾಂಶ. ಕೆರೆ ಅಥವಾ ನದಿಯಿಂದ ತಂದ ನೀರು ಪೈಪ್ ಸುತ್ತಲಿನ ಮಣ್ಣಿಗಿಂತ ಬಿಸಿಯಾಗಿರಬಹುದು. ಅದು ನಿಧಾನವಾಗಿ ತಣ್ಣಗಾಗುತ್ತದೆ. ದೊಡ್ಡ ಪೈಪ್‌ನಲ್ಲಿ ನೀರು ಕೇವಲ ಒಂದು ಡಿಗ್ರಿ ತಣ್ಣಗಾದರೂ ಒತ್ತಡ ಸುಮಾರು 2ರಿಂದ 3 ಬಾರ್ ಇಳಿಯಬಹುದು. ಮೀಟರ್ ನೋಡಿದವರಿಗೆ ಎಲ್ಲೋ ಸೋರುತ್ತಿದೆ ಎಂದೇ ಅನಿಸುತ್ತದೆ. ನೀರು ಬಿಸಿಯಾಗುತ್ತಿದ್ದರೆ ಇನ್ನೂ ಅಪಾಯ: ಒತ್ತಡ ಏರಿ, ನಿಜವಾದ ಸೋರಿಕೆಯೇ ಮರೆಯಾಗಬಹುದು. ಹಾಗಾಗಿ ನೀರು ಮತ್ತು ಮಣ್ಣಿನ ಉಷ್ಣಾಂಶ ಹತ್ತಿರವಾಗುವವರೆಗೆ ಕಾಯಬೇಕು. ಹೆಚ್ಚು ಸಮಯ ಹೋಗುವುದು ಇಲ್ಲೇ.

ಬೇಗ ಮುಗಿಸಲು ದಾರಿ ಇದೆಯೇ?

ಇದೆ. ನೀರು ತುಂಬುವಾಗ 'ಪಿಗ್' ಎಂಬ ಬಿರಡೆಯಂಥ ಸಾಧನವನ್ನು ಮುಂದೆ ಓಡಿಸಿ ಒಳಗಿನ ಗಾಳಿಯನ್ನು ಪೂರ್ತಿ ಹೊರಹಾಕಿದರೆ ಒತ್ತಡ ಬೇಗ ಏರುತ್ತದೆ, ಲೆಕ್ಕವೂ ತಪ್ಪುವುದಿಲ್ಲ. ಪೈಪ್‌ನ ಉದ್ದಕ್ಕೂ ಹಲವು ಕಡೆ ನಿಖರವಾದ ಸೆನ್ಸರ್ ಇಟ್ಟರೆ, ಒತ್ತಡ ಇಳಿದದ್ದರಲ್ಲಿ ತಂಪಿನ ಪಾಲೆಷ್ಟು, ಸೋರಿಕೆಯ ಪಾಲೆಷ್ಟು ಎಂದು ಕಂಪ್ಯೂಟರ್ ಬೇರ್ಪಡಿಸುತ್ತದೆ. ಒಂದು ಭಾಗದ ಟೆಸ್ಟ್ ಮುಗಿದ ಮೇಲೆ ಅದೇ ನೀರನ್ನು ಮುಂದಿನ ಭಾಗಕ್ಕೆ ಹರಿಸಿದರೆ ಸಮಯವೂ ನೀರೂ ಉಳಿಯುತ್ತವೆ.

ಆದರೆ ಟೆಸ್ಟ್‌ನ ಒತ್ತಡ ಮತ್ತು ಆ ಒತ್ತಡದಲ್ಲಿ ಹಿಡಿದಿಡುವ ಅವಧಿ, ಇವೆರಡನ್ನು ಕಡಿಮೆ ಮಾಡುವಂತಿಲ್ಲ. ಅಮೆರಿಕದ ನಿಯಮದಂತೆ ತೈಲ ಪೈಪ್‌ಲೈನನ್ನು ಗರಿಷ್ಠ ಬಳಕೆಯ ಒತ್ತಡದ ಶೇ. 125ರಲ್ಲಿ ಕನಿಷ್ಠ 4 ಗಂಟೆ ಹಿಡಿದಿಡಬೇಕು. ಸೋರಿಕೆಯನ್ನು ಕಣ್ಣಾರೆ ನೋಡಲಾಗದ, ಹೂತ ಪೈಪ್ ಆದರೆ ಶೇ. 110ರಲ್ಲಿ ಇನ್ನೂ 4 ಗಂಟೆ.

ಟೆಸ್ಟ್ ಮಾಡದಿದ್ದರೆ?

2010ರ ಸೆಪ್ಟೆಂಬರ್ 9ರ ಸಂಜೆ ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋದಲ್ಲಿ, ಮನೆಗಳ ನಡುವೆ ಹೂತಿದ್ದ ಗ್ಯಾಸ್ ಪೈಪ್‌ಲೈನ್ ಸಿಡಿಯಿತು. 8 ಮಂದಿ ಸತ್ತರು, 38 ಮನೆಗಳು ನಾಶವಾದವು. 1956ರಲ್ಲಿ ಹಾಕಿದ ಆ ಭಾಗದ ವೆಲ್ಡಿಂಗ್ ಮೊದಲಿನಿಂದಲೇ ದೋಷಪೂರಿತವಾಗಿತ್ತು. ಮುಂದೆ ಒತ್ತಡದ ಟೆಸ್ಟ್ ಕಡ್ಡಾಯವಾದಾಗ ಹಳೆಯ ಪೈಪ್‌ಗಳಿಗೆ ವಿನಾಯಿತಿ ಸಿಕ್ಕಿತು. ಟೆಸ್ಟ್ ಆಗಿದ್ದರೆ ಆ ದೋಷ ಬಹುಶಃ ಪತ್ತೆಯಾಗುತ್ತಿತ್ತು ಎಂದು ತನಿಖೆ ಹೇಳಿತು. ಅಂದು ಉಳಿಸಿದ ಕೆಲವು ಗಂಟೆಗಳ ಬೆಲೆಯನ್ನು 54 ವರ್ಷಗಳ ನಂತರ ಆ ಬೀದಿಯವರು ತೆತ್ತರು.

ಹಾಗಾದರೆ ಸತ್ಯವೇನು?

ಪೈಪ್‌ಲೈನ್‌ಗೆ ನೀರು ತುಂಬಿ ಕಾಯುವುದು ಸೋಮಾರಿತನವಲ್ಲ. ಸಿದ್ಧತೆ ಮತ್ತು ಲೆಕ್ಕಾಚಾರವನ್ನು ಚುರುಕುಗೊಳಿಸಬಹುದು, ಆದರೆ ಪರೀಕ್ಷೆಯನ್ನೇ ಮೊಟಕು ಮಾಡುವಂತಿಲ್ಲ. ಇನ್ನೊಂದು ಮಾತು: ಟೆಸ್ಟ್ ನಡೆಯುವ ಜಾಗಕ್ಕೆ ಟೇಪ್ ಕಟ್ಟಿದ್ದರೆ ವಿಡಿಯೋ ಮಾಡಲೆಂದೂ ಒಳಗೆ ಹೋಗಬೇಡಿ.