ಅಜ್ಜಿ ಕೂತ್ಕೊಳ್ಳೋದು ಯಾವಾಗ, ತಾತ?

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಗುಮಾಸ್ತನಾಗಿದ್ದವನಿಗೆ ಖಾಲಿ ಕಾಲಂ ಕಂಡರೆ ಕೈ ಸುಮ್ಮನಿರದು. ಅಂಡಮಾನ್ ಪ್ರವಾಸಕ್ಕೆ ಯೋಜನೆ ಹಾಕುವಾಗಲೂ ಹಾಗೇ ಆಯಿತು. ಉದ್ದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಆರು ದಿನಕ್ಕೆ ಹದಿನೇಳು ಸ್ಥಳ ಬರೆದು, ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ತುಂಬಿಸಿ ಮೊಮ್ಮಗಳಿಗೆ ತೋರಿಸಿದೆ. ಐದನೇ ಕ್ಲಾಸಿನ ಹುಡುಗಿ. ಬೆರಳಿಟ್ಟು ಓದಿ, "ಎಲ್ಲಾ ಸರಿ ತಾತ, ಇದರಲ್ಲಿ ಅಜ್ಜಿ ಕೂತ್ಕೊಳ್ಳೋದು ಯಾವಾಗ?" ಎಂದಳು.

ಆ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. 1984ರಲ್ಲಿ ಎಲ್‌ಎಫ್‌ಸಿ ಸೌಲಭ್ಯ ಬಳಸಿ ಟೂರಿಸ್ಟ್ ಬಸ್ಸಿನಲ್ಲಿ ಮಧುರೈ, ಕನ್ಯಾಕುಮಾರಿ ಸುತ್ತಿದ್ದೆವು. ತುಮಕೂರು ಕಡೆಯ ನನ್ನಾಕೆ ಸಮುದ್ರ ಕಂಡದ್ದು ಅಲ್ಲೇ ಮೊದಲು. ಅಲೆಗೆ ಕಾಲೊಡ್ಡಿ ನಿಂತಿದ್ದಳು, ಅಷ್ಟರಲ್ಲಿ ಬಸ್ಸಿನವನು ಸೀಟಿ ಊದಿದ. "ಬೇಗ ಬಾರೇ, ಬಸ್ ಹೊರಡುತ್ತೆ" ಎಂದು ಕೈಹಿಡಿದು ಎಳೆದುಕೊಂಡು ಬಂದವನು ನಾನೇ. ಆಮೇಲೆ ಮನೆ ಸಾಲ, ಮಕ್ಕಳ ಫೀಜು, ನಮ್ಮಮ್ಮನ ಕಾಯಿಲೆ ಎಂದು ವರ್ಷಗಳು ಉರುಳಿದವು. ಮೊನ್ನೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಮುಗಿಸಿ ಮಲಗಿದ್ದಾಗ, "ಒಂದು ಸಲ ಸಮುದ್ರದ ಮುಂದೆ ಸುಮ್ಮನೆ ಕೂತ್ಕೋಬೇಕು ರೀ. ಯಾರೂ ಏಳು ಅನ್ನಬಾರದು" ಎಂದಿದ್ದಳು. ಮೊಮ್ಮಗಳಿಗೆ ಅದು ನೆನಪಿತ್ತು, ನಾನು ಮರೆತಿದ್ದೆ.

ಹಾಳೆ ಹರಿದು ಹೊಸದಾಗಿ ಬರೆದೆ. ಮೊದಲ ಸಲ ಸಮುದ್ರತೀರಕ್ಕೆ ಹೊರಡುವ ನಮ್ಮಂಥವರಿಗೆ ಉಪಯೋಗವಾದೀತೆಂದು ಅದನ್ನೇ ಇಲ್ಲಿ ಹೇಳುತ್ತೇನೆ.

ನಮ್ಮ ಕರಾವಳಿ ಹತ್ತಿರವಿದ್ದರೂ ಅವಳಿಗೆ ಘಾಟಿಯ ತಿರುವುಗಳು ಆಗುವುದಿಲ್ಲ. ಬೆಂಗಳೂರಿನಿಂದ ಅಂಡಮಾನಿಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ಮಳೆ ದೂರವಾಗಿ ಸಮುದ್ರ ಶಾಂತವಾಗಿರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಸಂಕ್ರಾಂತಿಯ ರಜೆಗೆ ಸೇರಿಸಿ ಹುಡುಗಿಗೆ ಮೂರು ದಿನದ ರಜೆಚೀಟಿ ಬರೆದೆವು.

ಹದಿನೇಳು ಸ್ಥಳ ಹೋಗಿ ಎರಡೇ ಊರು ಉಳಿಯಿತು. ಒಂದು, ಪೋರ್ಟ್ ಬ್ಲೇರ್. 2024ರಿಂದ ಅದರ ಹೆಸರು ಶ್ರೀವಿಜಯಪುರಂ. ಇನ್ನೊಂದು, ಹ್ಯಾವ್‌ಲಾಕ್ ದ್ವೀಪ. 2018ರಿಂದ ಅದು ಸ್ವರಾಜ್ ದ್ವೀಪ. ಮೊದಲ ರಾತ್ರಿ ಶ್ರೀವಿಜಯಪುರಂ, ನಡುವೆ ಮೂರು ರಾತ್ರಿ ಹ್ಯಾವ್‌ಲಾಕ್, ಕೊನೆಯ ರಾತ್ರಿ ಮತ್ತೆ ಶ್ರೀವಿಜಯಪುರಂ. ಈ ಕೊನೆಯ ರಾತ್ರಿಯನ್ನು ಮಾತ್ರ ಬಿಡಬೇಡಿ. ಎರಡೂ ಊರಿನ ನಡುವೆ ಸುಮಾರು 40 ಕಿಲೋಮೀಟರ್ ಸಮುದ್ರ. ಅಲೆ ಜೋರಾದರೆ ಹಡಗು ರದ್ದಾಗುತ್ತದೆ. ಹ್ಯಾವ್‌ಲಾಕ್‌ನಿಂದ ಬಂದ ದಿನವೇ ವಿಮಾನ ಹಿಡಿಯುವ ಲೆಕ್ಕ ಹಾಕಿದರೆ ಎದೆ ಡವಡವ ಎನ್ನುತ್ತಲೇ ಇರುತ್ತದೆ.

ಊರು ನೋಡುವುದೆಂದರೆ ಸೆಲ್ಯುಲರ್ ಜೈಲು ಒಂದೇ ಎಂದು ತೀರ್ಮಾನಿಸಿದೆವು. 1906ರಲ್ಲಿ ಪೂರ್ಣಗೊಂಡ ಆ ಕಟ್ಟಡಕ್ಕೆ ಮೊದಲು ಏಳು ಸಾಲುಗಳಿದ್ದವು, ಈಗ ಉಳಿದಿರುವುದು ಮೂರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಒಂದು ಸಾಲಿನ ಕೈದಿಗೆ ಇನ್ನೊಂದು ಸಾಲಿನವರ ಮುಖ ಕಾಣದಂತೆ ಕಟ್ಟಿದ್ದಾರೆ. ಮಾತಿನ ಮಲ್ಲಿಯಾದ ಮೊಮ್ಮಗಳು ಅಲ್ಲಿ ಅರ್ಧ ಗಂಟೆ ಮಾತಾಡಲಿಲ್ಲ.

ಗಡಿಯಾರದ ವಿಷಯ ಮಕ್ಕಳಿಗೆ ಗೊತ್ತಿರಲಿ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದು. ಅಂಡಮಾನ್ ಅದಕ್ಕಿಂತ ಹತ್ತು ಡಿಗ್ರಿ ಪೂರ್ವಕ್ಕಿದೆ. ಹಾಗಾಗಿ ಜನವರಿಯಲ್ಲಿ ಸಂಜೆ ಐದೂಕಾಲಿಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಊಟ ಮುಗಿಸಿ ಮಲಗಿ ಎದ್ದು ಹೋಗೋಣ ಎಂದರೆ ಕತ್ತಲೆಯೇ ಗತಿ. ನೀರು ಇಳಿಯುವ, ಏರುವ ಹೊತ್ತನ್ನೂ ಹೋಟೆಲಿನವರಲ್ಲಿ ಕೇಳಿಟ್ಟುಕೊಳ್ಳಿ. ಏರಿದ ನೀರು ಸುಮಾರು ಆರು ಗಂಟೆಯಲ್ಲಿ ಇಳಿಯುತ್ತದೆ, ಮತ್ತೆ ಏರುತ್ತದೆ.

ನೆಟ್‌ವರ್ಕ್ ಕೈಕೊಡುವುದುಂಟು, ಸ್ವಲ್ಪ ನಗದು ಜೊತೆಗಿರಲಿ. ಮಾತ್ರೆಗಳನ್ನು ಕೈಚೀಲದಲ್ಲೇ ಇಡಿ. ಹಡಗಿನಲ್ಲಿ ಹೊಟ್ಟೆ ತೊಳಸುವವರು ವೈದ್ಯರನ್ನು ಮೊದಲೇ ಕೇಳಿ ಮಾತ್ರೆ ತಂದಿರಲಿ. ಕೆಲವು ಕಡೆ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕ ಇದ್ದಲ್ಲಿ ನೀರಿಗೆ ಇಳಿಯಲೇಬೇಡಿ. ಹವಳ, ಚಿಪ್ಪು ಆರಿಸಿ ತರುವಂತಿಲ್ಲ. ನಮ್ಮ ಹುಡುಗಿ ಜೇಬಿಗೆ ಹಾಕಿಕೊಂಡಿದ್ದ ಎರಡು ಚಿಪ್ಪುಗಳನ್ನು ತಾನೇ ಹೋಗಿ ಮರಳಿನಲ್ಲಿಟ್ಟು ಬಂದಳು.

ಹ್ಯಾವ್‌ಲಾಕ್‌ನ ರಾಧಾನಗರ ತೀರ ಪಶ್ಚಿಮಕ್ಕೆ ಮುಖ ಮಾಡಿದೆ. ಬಿಳಿ ಮರಳು, ಹಿಂದೆ ಎತ್ತರದ ಕಾಡುಮರಗಳ ನೆರಳು. ಮೂರು ಗಂಟೆಗೆ ಹೋಗಿ ಮರದ ಬುಡದಲ್ಲಿ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆವು. ಮಗ, ಸೊಸೆ, ಮೊಮ್ಮಗಳು ನೀರಿಗಿಳಿದರು. ನಾನು ಎರಡು ಸಲ ಗಡಿಯಾರ ನೋಡಿ, ಆಮೇಲೆ ಅದನ್ನು ಬಿಚ್ಚಿ ಜೇಬಿಗೆ ಹಾಕಿದೆ. ಅವಳು ಮಾತಾಡಲಿಲ್ಲ. ಎಳನೀರು ಕುಡಿದಳು, ನೋಡುತ್ತಾ ಕುಳಿತಳು, ಅಷ್ಟೇ.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಲೈಫ್‌ಗಾರ್ಡ್ ಜೋರಾಗಿ ಸೀಟಿ ಊದಿದ. ಇವಳು ತಟ್ಟನೆ ಸೆರಗು ಸರಿಮಾಡಿಕೊಂಡು, ಕುರ್ಚಿಯ ಕೈ ಹಿಡಿದು ಏಳಲು ಹೊರಟಳು.

"ಅದು ನೀರಿನಲ್ಲಿರೋರಿಗೆ ಕಣೇ. ನೀನು ಕೂತ್ಕೋ" ಎಂದೆ.

ಕುಳಿತಳು. ಪೂರ್ತಿ ಕತ್ತಲಾಗುವವರೆಗೂ ಕುಳಿತಿದ್ದೆವು.